ಕರಾಚೂರಿ ನಂಜರಾಜಯ್ಯ: ಖಡ್ಗ ಹಿಡಿದ ಕೈಯಲ್ಲಿ ಲೇಖನಿ

ವೃಷಭಾವತಿಯ ದಂಡೆಯಲ್ಲಿರುವ ಬೈರಮಂಗಲದ ಸುತ್ತಣ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳನ್ನಾಡುವ ರೂಢಿ ಬಹುಕಾಲದಿಂದ ಉಂಟು. ಸುಗ್ಗಿ ಮುಗಿದು ಕಣದ ಕೆಲಸ ತೀರಿದ ಮೇಲೆ ಊರ ಮುಂದೆ ರಂಗಮಂಟಪವೇಳುತ್ತದೆ. ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ಕಲಿಸಿದ ಪದ್ಯಗಳನ್ನು ರೈತಾಪಿ ಜನರು ಇರುಳೆಲ್ಲ ಹಾಡುತ್ತಾರೆ. ನಾನು ಉಪಾಧ್ಯಾಯ ವೃತ್ತಿಗೆ ಸೇರಿದ ಹೊಸದರಲ್ಲಿ ಅಂತಹದೊಂದು ಕುರುಕ್ಷೇತ್ರ ನಾಟಕವನ್ನು ನೋಡಿದೆನು. ಅದರಲ್ಲಿ ಭೀಮನ ವೇಷ ಧರಿಸಿದ್ದವರು 1971ರ ಯುದ್ಧದಲ್ಲಿ ಹೋರಾಡಿ, ಸೇನೆಯಿಂದ ನಿವೃತ್ತರಾಗಿ ಊರಿಗೆ ಮರಳಿದ್ದ ಹಿರಿಯರು. ತಾವು ಕಂಡ ಯುದ್ಧದ ವಿಷಯವನ್ನು ಅವರು ಯಾರ ಬಳಿಯೂ ಆಡುತ್ತಿರಲಿಲ್ಲ. ಆದರೆ ಸಂಜೆಯಾದೊಡನೆ ಹಾರ್ಮೋನಿಯಂ ಮುಂದೆ ಬಂದು ಕುಳಿತುಬಿಡುತ್ತಿದ್ದರು. ನಿಜವಾದ ಯುದ್ಧವನ್ನು ಕಂಡವರಿಗೆ ಈ ಬಣ್ಣದ ಯುದ್ಧದಲ್ಲಿ ಏನು ಸ್ವಾರಸ್ಯವೆಂದು ಒಮ್ಮೆ ಕೇಳಿದೆನು. ಪರದೆ ಬಿದ್ದ ಮೇಲೆ ಇಲ್ಲಿ ಸತ್ತವರೆಲ್ಲರೂ ಎದ್ದು ಬರುತ್ತಾರಲ್ಲ ಎಂದು ನಕ್ಕು ಸುಮ್ಮನಾದರು. ಆ ನಗೆಯ ಅರ್ಥ ನನಗೆ ಅಂದು ಪೂರ್ಣವಾಗಿ ಆಗಲಿಲ್ಲ.

ಮುಂದೆ ಕೆಲವು ವರ್ಷಗಳ ತರುವಾಯ, ತರಗತಿಯಲ್ಲಿ ಮೈಸೂರಿನ ಇತಿಹಾಸವನ್ನು ಪಾಠ ಹೇಳುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಎದ್ದುನಿಂತು ಒಂದು ಪ್ರಶ್ನೆಯನ್ನು ಕೇಳಿದಳು. ಇತಿಹಾಸದ ಪಾಠದಲ್ಲಿ ಅರಸನನ್ನು ಕೈಗೊಂಬೆ ಮಾಡಿಕೊಂಡ ಸರ್ವಾಧಿಕಾರಿ ನಂಜರಾಜಯ್ಯನೂ, ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಶಿವಭಕ್ತರ ಕಥೆಗಳನ್ನು ಬರೆದ ನಂಜರಾಜನೂ ಒಬ್ಬನೇ ಏನು, ಒಬ್ಬನೇ ಆದರೆ ಅದು ಹೇಗೆ ಸಾಧ್ಯ ಎಂಬುದು ಆಕೆಯ ಸಂದೇಹ. ಒಬ್ಬನೇ ಎಂದು ಹೇಳಿದೆನು. ಹೇಗೆ ಎಂಬುದಕ್ಕೆ ಉತ್ತರ ಹೇಳದೆ ಪಾಠವನ್ನು ಮುಂದುವರಿಸಿದೆನು. ಉಪಾಧ್ಯಾಯನಾದವನು ತೀರಿಸದೆ ಉಳಿಸಿಕೊಂಡ ಸಾಲ ಇಂತಹುದು. ನಿವೃತ್ತಿಯ ಬಿಡುವಿನಲ್ಲಿ ಅದನ್ನು ತೀರಿಸುವ ಪ್ರಯತ್ನವೇ ಪ್ರಕೃತ ಲೇಖನ.

ಖಡ್ಗವನ್ನು ಹಿಡಿದ ಕೈ ಲೇಖನಿಯನ್ನೂ ಹಿಡಿಯುವುದು ಕನ್ನಡನಾಡಿಗೆ ಹೊಸದಲ್ಲ. ಗಂಗರ ಸೇನಾನಿ ಚಾವುಂಡರಾಯನು 978ರಲ್ಲಿ ಚಾವುಂಡರಾಯ ಪುರಾಣವನ್ನು ಗದ್ಯದಲ್ಲಿ ರಚಿಸಿದನು. ವಿಜಯನಗರದ ಪ್ರೌಢದೇವರಾಯನ (1424-1446) ದಂಡನಾಯಕನಾಗಿದ್ದ ಲಕ್ಕಣ್ಣ ದಂಡೇಶನು ದಕ್ಷಿಣಸಮುದ್ರಾಧೀಶ್ವರನೆಂಬ ಬಿರುದನ್ನು ಹೊತ್ತವನು. ಶಿವತತ್ತ್ವಚಿಂತಾಮಣಿಯೆಂಬ ಬೃಹತ್ಕೃತಿಯನ್ನು ಷಟ್ಪದಿಯಲ್ಲಿ ಬರೆದು ಶರಣರ ಚರಿತ್ರೆಗಳನ್ನು ಮುಂದಿನವರಿಗೆ ಉಳಿಸಿಕೊಟ್ಟವನೂ ಅವನೇ. ನಮ್ಮ ಸೀಮೆಯ ವಿಷಯಕ್ಕೆ ಬಂದರೆ, ಮಾಗಡಿಯ ಕೆಂಪೇಗೌಡನ ಹೆಸರಿನಲ್ಲಿ ಗಂಗಾಗೌರೀವಿಲಾಸವೆಂಬ ತೆಲುಗು ಯಕ್ಷಗಾನ ಪ್ರಸಿದ್ಧವಾಗಿದೆ. ಯಕ್ಷಗಾನವೆಂದರೆ ಓದುವ ಕಾವ್ಯವಷ್ಟೇ ಅಲ್ಲ; ಹಾಡಿ ಆಡುವ ನಾಟಕ. ಕೋಟೆ ಕಟ್ಟಿದ ಮನೆತನ, ಕೆರೆ ಕಟ್ಟಿಸಿದ ಮನೆತನ, ಶಿವನ ಮನೆಯೊಳಗಿನ ಇಬ್ಬರು ಸವತಿಯರ ಕಥೆಯನ್ನು ರಂಗಕ್ಕೆ ತಂದ ಕೀರ್ತಿಯನ್ನೂ ಪಡೆದಿದೆ.

ಈ ಮಾಗಡಿಯಿಂದಲೇ ನಂಜರಾಜಯ್ಯನ ಕಥೆಗೆ ದಾರಿ ತೆರೆಯುತ್ತದೆ. 1638ರಲ್ಲಿ ಬಿಜಾಪುರದ ಸೇನೆ ಬೆಂಗಳೂರನ್ನು ಹಿಡಿದ ಮೇಲೆ ಕೆಂಪೇಗೌಡನ ವಂಶದವರು ಮಾಗಡಿಯನ್ನೇ ನೆಲೆ ಮಾಡಿಕೊಂಡು ಸಾವನದುರ್ಗದ ಆಸರೆಯಲ್ಲಿ ಆಳಿದರು. 1728ರಲ್ಲಿ ಮೈಸೂರಿನ ಸೈನ್ಯ ಮಾಗಡಿಯನ್ನೂ ಸಾವನದುರ್ಗವನ್ನೂ ವಶಪಡಿಸಿಕೊಂಡಿತು. ಆ ವಂಶದ ಕೊನೆಯ ಪ್ರಭು ಶ್ರೀರಂಗಪಟ್ಟಣದ ಸೆರೆಯಲ್ಲಿ ಮಡಿದನು. ಆ ದಂಡನ್ನು ನಡೆಸಿದ ದಳವಾಯಿ ದೇವರಾಜಯ್ಯನ ತಮ್ಮನೇ ನಮ್ಮ ನಂಜರಾಜಯ್ಯ.

ನಂಜನಗೂಡಿನ ಸಮೀಪದ ಕಳಲೆ ಈ ಸೋದರರ ಮೂಲಸ್ಥಾನ. ಮೈಸೂರು ಅರಮನೆಯೊಡನೆ ಕೊಳುಕೊಡೆ ನಡೆಸುತ್ತಿದ್ದ ಕಳಲೆಯ ಮನೆತನಕ್ಕೆ ದಳವಾಯಿಯ ಪದವಿ ಪರಂಪರೆಯಿಂದ ಬಂದುದು. ತಂದೆ ವೀರರಾಜಯ್ಯನೂ ಗ್ರಂಥಕರ್ತ. ವೈದ್ಯಶಾಸ್ತ್ರವನ್ನು ಕುರಿತು ಅವನು ಬರೆದಿದ್ದಾನೆ. ಆದುದರಿಂದ ನಂಜರಾಜನ ಪಾಲಿಗೆ ಆಯುಧವೂ ಓಲೆಗರಿಯೂ ಒಂದೇ ಮನೆಯ ಸೊತ್ತು. ಚೂರಿಯೆಂಬ ಮಾತನ್ನು ಒಳಗೊಂಡ 'ಕರಾಚೂರಿ' ಎಂಬುದು ಅವನ ಬಿರುದು. ಇಮ್ಮಡಿ ಕೃಷ್ಣರಾಜ ಒಡೆಯರ (1734-1766) ಕಾಲದಲ್ಲಿ ಅಣ್ಣ ದಳವಾಯಿ, ತಮ್ಮ ಸರ್ವಾಧಿಕಾರಿ. ಸಿಂಹಾಸನ ಒಡೆಯರದು, ಅಧಿಕಾರ ಕಳಲೆಯವರದು. ನಂಜರಾಜನ ಮಗಳು ಅರಸನ ರಾಣಿಯೂ ಆದಳು.

1749ರಲ್ಲಿ ನಂಜರಾಜನು ದೇವನಹಳ್ಳಿಯ ಕೋಟೆಗೆ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಹೋರಾಡಿ ಅದನ್ನು ಗೆದ್ದನು. ಆ ಮುತ್ತಿಗೆಯಲ್ಲಿ ತನ್ನ ಸಾಹಸದಿಂದ ಅವನ ಕಣ್ಣಿಗೆ ಬಿದ್ದ ಸೈನಿಕನೇ ಹೈದರ್ ಅಲಿ. ಅನಂತರ ಬಂದುದು ತಿರುಚಿನಾಪಳ್ಳಿಯ ದಂಡಯಾತ್ರೆ. ಆರ್ಕಾಟಿನ ನವಾಬಗಿರಿಗಾಗಿ ಮಹಮ್ಮದ್ ಅಲಿಗೂ ಚಂದಾಸಾಹೇಬನಿಗೂ ಕದನ ನಡೆದಿತ್ತು. ಒಬ್ಬನ ಹಿಂದೆ ಇಂಗ್ಲಿಷರು, ಮತ್ತೊಬ್ಬನ ಹಿಂದೆ ಫ್ರೆಂಚರು. ಗೆದ್ದರೆ ತಿರುಚಿನಾಪಳ್ಳಿಯನ್ನು ಕೊಡುವೆನೆಂಬ ಮಹಮ್ಮದ್ ಅಲಿಯ ಮಾತನ್ನು ನಂಬಿ ನಂಜರಾಜನು ದೊಡ್ಡ ಸೈನ್ಯದೊಡನೆ ಘಟ್ಟವಿಳಿದನು. 1752ರಲ್ಲಿ ಚಂದಾಸಾಹೇಬನು ಹತನಾದನು. ಆದರೆ ಕೋಟೆಯ ಬಾಗಿಲು ನಂಜರಾಜನಿಗೆ ತೆರೆಯಲಿಲ್ಲ. ಮಾತು ತಪ್ಪಿದವನ ಮೇಲಿನ ರೋಷದಿಂದ ಅವನು ಫ್ರೆಂಚರ ಕಡೆ ಸೇರಿ, ಶ್ರೀರಂಗದ ಬಳಿ ಪಾಳೆಯವಿಳಿಸಿ ಮುತ್ತಿಗೆಯನ್ನು ಮುಂದುವರಿಸಿದನು. 1755ರಲ್ಲಿ ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ಅಷ್ಟರಲ್ಲಿ ನಿಜಾಮನ ಸೈನ್ಯ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ಕಪ್ಪವನ್ನು ಪಡೆದು ಹೋಗಿತ್ತು, ಬೊಕ್ಕಸ ಬರಿದಾಗಿತ್ತು. ಸಿಪಾಯಿಗಳಿಗೆ ಸಂಬಳವಿರಲಿಲ್ಲ.

ಈ ಸೋಲಿನ ಮರುವರ್ಷ ನಡೆದ ಘಟನೆಯೊಂದನ್ನು ಹೇಳಲು ಲೇಖನಿ ಹಿಂಜರಿಯುತ್ತದೆ. ಆದರೆ ಹೇಳದಿದ್ದರೆ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಅರ್ಥವೇ ಉಳಿಯದು. ಕಳಲೆಯ ಸೋದರರ ಹಿಡಿತದಿಂದ ಬಿಡಿಸಿಕೊಳ್ಳಲು ಯುವಕ ಅರಸನು ಅರಮನೆಯೊಳಗೆ ತನ್ನವರನ್ನು ಕೂಡಿಸಿಕೊಂಡನು. ನಂಜರಾಜನು 1756ರಲ್ಲಿ ಅರಮನೆಯ ಬಾಗಿಲನ್ನೇ ಒಡೆಸಿ ಒಳನುಗ್ಗಿ, ಅರಸನ ಪಕ್ಷದವರ ಕಿವಿ ಮೂಗುಗಳನ್ನು ಅರಸನ ಕಣ್ಣೆದುರಿಗೇ ಕೊಯ್ಯಿಸಿದನೆಂದು ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. ವಿಲ್ಕ್ಸ್ ಅರ್ಧ ಶತಮಾನದ ಮೇಲೆ ಬರೆದವನು, ಕಳಲೆಯವರ ಪಕ್ಷಪಾತಿಯೂ ಅಲ್ಲ. ಆದರೂ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದು ಹಳಬರಿಂದ ಕೇಳಿ ತಿಳಿದು ಬರೆದವನು. ಅವನ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಅಣ್ಣ ದೇವರಾಜಯ್ಯನು ತಮ್ಮನ ಈ ನಡತೆಗೆ ಮನನೊಂದು ರಾಜಧಾನಿಯನ್ನು ಬಿಟ್ಟು ಸತ್ಯಮಂಗಲಕ್ಕೆ ಹೊರಟುಹೋದನು. ಮುಂದೆ ಸೋದರರಲ್ಲಿ ರಾಜಿಯಾಯಿತು. ಆದರೆ 1758ರಲ್ಲಿ ಅಣ್ಣನು ತೀರಿಕೊಂಡನು.

ಇದೇ ವ್ಯಕ್ತಿಯ ಹೆಸರಿನಲ್ಲಿ ನಮಗೆ ಬಂದಿರುವ ಗ್ರಂಥಗಳನ್ನು ಈಗ ನೋಡೋಣ. ಸಂಸ್ಕೃತದಲ್ಲಿ ಸಂಗೀತಗಂಗಾಧರವೆಂಬ ಗೀತಪ್ರಬಂಧವಿದೆ. ಜಯದೇವನ ಗೀತಗೋವಿಂದದ ಮಾದರಿಯಲ್ಲಿ, ಮಾಧವನ ಸ್ಥಾನದಲ್ಲಿ ಗಂಗಾಧರನನ್ನು ನಿಲ್ಲಿಸಿ, ರಾಗತಾಳಗಳಿಗೆ ಹೊಂದುವಂತೆ ಹೆಣೆದ ಕೃತಿಯಿದು. ಮೈಸೂರಿನ ಆಸ್ಥಾನಕ್ಕೆ ಈ ಮಾದರಿ ಅಪರಿಚಿತವಲ್ಲ; ತಾನೂ ಯುದ್ಧವೀರನಾಗಿದ್ದ ಚಿಕ್ಕದೇವರಾಜ ಒಡೆಯರ ಹೆಸರಿನ ಗೀತಗೋಪಾಲವು ಅದಕ್ಕೆ ಮೊದಲೇ ಕನ್ನಡದಲ್ಲಿ ಈ ದಾರಿಯನ್ನು ತುಳಿದಿತ್ತು. ಕನ್ನಡದಲ್ಲಿ ನಂಜರಾಜನ ಕೃತಿಗಳು ಹಲವು: ಹಾಲಾಸ್ಯಮಾಹಾತ್ಮ್ಯ, ಸೇತುಮಾಹಾತ್ಮ್ಯ, ಹರದತ್ತಾಚಾರ್ಯಮಾಹಾತ್ಮ್ಯ, ನಂಜನಗೂಡಿನ ಮಹಿಮೆಯನ್ನು ಹೇಳುವ ಗ್ರಂಥ, ಅರವತ್ತಮೂವರು ಪುರಾತನರ ಚರಿತ್ರೆಯನ್ನು ಹೇಳುವ ಗ್ರಂಥ ಮೊದಲಾದವು. ಇವುಗಳಲ್ಲಿ ಬಹುಭಾಗ ಗದ್ಯದಲ್ಲಿವೆ. ಸಂಸ್ಕೃತದ ಪುರಾಣವನ್ನು ಓದಿ ತಿಳಿಯಲಾರದವನಿಗೂ, ಷಟ್ಪದಿಯನ್ನು ಬಿಡಿಸಿ ಅರ್ಥಮಾಡಿಕೊಳ್ಳಲಾರದವನಿಗೂ ಕೇಳಿದೊಡನೆ ತಿಳಿಯುವ ಗದ್ಯವು ಆ ಕಾಲದ ಮೈಸೂರಿನಲ್ಲಿ ಬೆಳೆದು ಬಂದುದರಲ್ಲಿ ಇಂತಹ ಗ್ರಂಥಗಳ ಪಾತ್ರ ಸಣ್ಣದಲ್ಲ.

ಇವುಗಳಲ್ಲಿ ನಮ್ಮ ಸೀಮೆಯವರು ವಿಶೇಷವಾಗಿ ಗಮನಿಸಬೇಕಾದುದು ಕಕುದ್ಗಿರಿಮಾಹಾತ್ಮ್ಯ. ಕಕುದ್ಗಿರಿಯೆಂದರೆ ಮಾಗಡಿಯ ಉತ್ತರಕ್ಕಿರುವ ಶಿವಗಂಗೆಯ ಬೆಟ್ಟ. ಕಕುದವೆಂದರೆ ಎತ್ತಿನ ಹಿಣಿಲು. ಬೆಟ್ಟದ ಆಕಾರಕ್ಕೆ ಒಪ್ಪುವ ಹೆಸರು. ಅಲ್ಲಿಯ ದೇವರ ಹೆಸರೂ ಗಂಗಾಧರೇಶ್ವರ. ಅಣ್ಣನ ದಂಡು 1728ರಲ್ಲಿ ಯಾವ ಸೀಮೆಯ ಕೋಟೆಗಳನ್ನು ಹಿಡಿಯಿತೋ ಆ ಸೀಮೆಯ ಬೆಟ್ಟದ ಮಹಿಮೆಯನ್ನು ತಮ್ಮನು ಬರೆದನು. ಹಾಗೆಯೇ, ಎಷ್ಟು ಹೋರಾಡಿದರೂ ತಮಿಳುನಾಡಿನ ಒಂದು ಕೋಟೆ ಅವನ ಕೈಗೆ ದಕ್ಕಲಿಲ್ಲ. ಆದರೆ ಮಧುರೆಯ ಹಾಲಾಸ್ಯನಾಥನ ಲೀಲೆಗಳೂ, ರಾಮೇಶ್ವರದ ಸೇತುವಿನ ಮಹಿಮೆಯೂ, ತಮಿಳುನಾಡಿನಲ್ಲಿ ಬಾಳಿದ ಪುರಾತನರ ಕಥೆಗಳೂ ಅವನ ಹೆಸರಿನಲ್ಲಿ ಕನ್ನಡಕ್ಕೆ ಬಂದವು. ಖಡ್ಗದಿಂದ ತರಲಾರದುದನ್ನು ಲೇಖನಿ ತಂದಿತು. ತಿರುಚಿನಾಪಳ್ಳಿಗೆ ಹೋದ ಸಿಪಾಯಿಗಳ ಲೆಕ್ಕ ಇಂದು ಯಾರ ನೆನಪಿನಲ್ಲಿಯೂ ಇಲ್ಲ. ಆ ಕಥೆಗಳಾದರೋ ಉಳಿದಿವೆ.

ನಾಟಕರಂಗವೂ ನಂಜರಾಜನ ಹೆಸರಿಗೆ ಸೇರಿಕೊಂಡಿದೆ. ಅಭಿನವಕಾಳಿದಾಸನೆಂದು ಹೆಸರು ಪಡೆದ ನರಸಿಂಹಕವಿ ಅವನ ಆಶ್ರಿತ. ಓರುಗಲ್ಲಿನ ಪ್ರತಾಪರುದ್ರನನ್ನು ಕುರಿತು ವಿದ್ಯಾನಾಥನು ರಚಿಸಿದ ಅಲಂಕಾರಗ್ರಂಥದ ಮಾದರಿಯಲ್ಲಿ ನರಸಿಂಹಕವಿಯು ನಂಜರಾಜಯಶೋಭೂಷಣವನ್ನು ಬರೆದನು. ಅಲಂಕಾರಶಾಸ್ತ್ರದ ಲಕ್ಷಣಗಳಿಗೆ ಕೊಟ್ಟ ಉದಾಹರಣೆಗಳಲ್ಲೆಲ್ಲ ನಂಜರಾಜನದೇ ಸ್ತುತಿ. ನಾಟಕದ ಲಕ್ಷಣವನ್ನು ಹೇಳಬೇಕಾದ ಪ್ರಕರಣದಲ್ಲಿ ಚಂದ್ರಕಲಾಕಲ್ಯಾಣವೆಂಬ ಪೂರ್ಣನಾಟಕವೇ ಇದೆ. ಅದರ ನಾಯಕನೂ ನಂಜರಾಜನೇ. 1930ರಲ್ಲಿ ಬರೋಡದ ಪ್ರಾಚ್ಯಗ್ರಂಥಮಾಲೆಯಲ್ಲಿ ಅಚ್ಚಾದ ಈ ಗ್ರಂಥವನ್ನು ತಿರುವಿಹಾಕಿದವರಿಗೆ ಒಂದು ವಿಷಯ ಹೊಳೆಯದಿರದು: ಸೋಲುಗೆಲವುಗಳೆರಡನ್ನೂ ಕಂಡ ದಂಡನಾಯಕನು ಅಲಂಕಾರಗ್ರಂಥದಲ್ಲಿ ಎಂದೂ ಸೋಲುವುದಿಲ್ಲ. ಅಲ್ಲಿ ತಿರುಚಿನಾಪಳ್ಳಿಯ ಬಾಗಿಲು ಮುಚ್ಚಿಲ್ಲ. ಅಲ್ಲಿ ಯಾರ ಮೂಗೂ ಕೊಯ್ಯಲ್ಪಟ್ಟಿಲ್ಲ.

ಈ ಕೃತಿಗಳೆಲ್ಲವೂ ಅವನ ಸ್ವಂತದವೇ, ಆಸ್ಥಾನದ ಪಂಡಿತರ ಕೈವಾಡ ಎಷ್ಟು, ಎಂಬ ಸಂದೇಹ ವಾಚಕರಿಗೆ ಬರುವುದು ಸಹಜ. ಅರಸೊತ್ತಿಗೆಯ ಕಾಲದ ಗ್ರಂಥಗಳ ವಿಷಯದಲ್ಲಿ ಈ ಸಂದೇಹವನ್ನು ಸದಾ ಇಟ್ಟುಕೊಂಡೇ ನಡೆಯಬೇಕು. ಆದರೆ ಪಂಡಿತರ ನೆರವನ್ನು ಎಷ್ಟೇ ಒಪ್ಪಿದರೂ, ಯಾವ ಕಥೆಯನ್ನು ಕನ್ನಡಕ್ಕೆ ತರಬೇಕು, ಯಾವ ದೇವರನ್ನು ಹಾಡಬೇಕು ಎಂಬ ಆಯ್ಕೆ ಅವನದೇ. ಆ ಆಯ್ಕೆಯೆಲ್ಲ ಶಿವನ ಸುತ್ತಲೇ ತಿರುಗುತ್ತದೆ. ನಂಜನಗೂಡಿನ ನಂಜುಂಡೇಶ್ವರನ ದೇವಾಲಯವನ್ನು ವಿಸ್ತರಿಸಿದವರಲ್ಲಿ ಅವನೂ ಒಬ್ಬನು. ಅವನ ಭಕ್ತಿ ತೋರಿಕೆಯದೆಂದು ಹೇಳಲು ನನಗೆ ಮನಸ್ಸೊಪ್ಪುವುದಿಲ್ಲ. ಪ್ರಶ್ನೆ ಬಿಗಿಯಾಗುವುದೇ ಇಲ್ಲಿ. ಭಕ್ತಿ ನಿಜ, ವಿದ್ವತ್ತು ನಿಜ, ಸಂಗೀತಪ್ರೇಮ ನಿಜ. ಅರಮನೆಯ ಅಂಗಳದ ರಕ್ತವೂ ನಿಜ.

ಅಧಿಕಾರದ ದಿನಗಳು ಬಹುಕಾಲ ಉಳಿಯಲಿಲ್ಲ. ಸಂಬಳ ಬಾರದ ಸಿಪಾಯಿಗಳು 1758ರಲ್ಲಿ ದಂಗೆಯೆದ್ದು ನಂಜರಾಜನ ಮನೆಯ ಬಾಗಿಲಲ್ಲಿ ಧರಣಿ ಕುಳಿತರು. ಬಾಕಿಯನ್ನು ತೀರಿಸಿ ಅವರನ್ನು ಎಬ್ಬಿಸಿದವನು ಹೈದರ್. ಮರುವರ್ಷ ಗೋಪಾಲರಾಯನ ಮರಾಠಾ ದಂಡು ಬೆಂಗಳೂರಿಗೂ ನಮ್ಮ ಚನ್ನಪಟ್ಟಣಕ್ಕೂ ಬಂದಾಗ ಅದನ್ನು ತಡೆದು ಹಿಮ್ಮೆಟ್ಟಿಸಿದವನೂ ಹೈದರನೇ. ಚನ್ನಪಟ್ಟಣದ ಸೀಮೆಯಲ್ಲಿ ನಡೆದ ಆ ಕಾಳಗ ಹೈದರನಿಗೆ ಫತೇ ಹೈದರ್ ಬಹಾದೂರ್ ಎಂಬ ಬಿರುದನ್ನು ತಂದಿತು. ನಂಜರಾಜನ ಕಾಲ ಮುಗಿಯಿತೆಂಬುದನ್ನು ಸಾರಿತು. 1759ರಲ್ಲಿ ಅವನು ಅಧಿಕಾರವನ್ನು ಬಿಟ್ಟುಕೊಟ್ಟು ಜಹಗೀರನ್ನು ಪಡೆದು ಕೋಣನೂರಿಗೆ ಸರಿದನು. ದೇವನಹಳ್ಳಿಯ ಕೋಟೆಯೆದುರು ತಾನೇ ಮೇಲೆತ್ತಿದ ಸೈನಿಕನು ತನ್ನನ್ನು ಕೆಳಗಿಳಿಸಿದುದನ್ನು ಅವನು ಕಣ್ಣಾರೆ ಕಂಡನು.

ಕೋಣನೂರಿನಲ್ಲಿ ಅವನ ಬಾಳಿಗೆ ಒಂದು ಅವಕಾಶ ಒದಗಿತ್ತು. ಸೇನೆಯಿಲ್ಲ, ಬೊಕ್ಕಸವಿಲ್ಲ, ದರ್ಬಾರಿಲ್ಲ. ಶಿವಭಕ್ತನೂ ಗ್ರಂಥಕರ್ತನೂ ಆದವನಿಗೆ ಇದಕ್ಕಿಂತ ಯೋಗ್ಯವಾದ ಏಕಾಂತ ಯಾವುದು? ಆದರೆ 1760ರಲ್ಲಿ ಹೈದರನ ದಿವಾನನಾಗಿದ್ದ ಖಂಡೇರಾಯನು ಅರಸನ ಕಡೆ ಸೇರಿ ಹೈದರನನ್ನು ಸೋಲಿಸಿದಾಗ, ಹೈದರನು ಕೋಣನೂರಿಗೆ ಬಂದು ಹಳೆಯ ಒಡೆಯನ ಮುಂದೆ ಶರಣಾಗತನಂತೆ ನಿಂತನು. ನಂಜರಾಜನ ಮನಸ್ಸು ಕರಗಿತು; ಹಳೆಯ ಅಧಿಕಾರದ ಆಸೆಯೂ ಕದಲಿರಬೇಕು. ಅವನು ಹೈದರನಿಗೆ ತನ್ನ ಹೆಸರನ್ನೂ ಬಲವನ್ನೂ ಕೊಟ್ಟನು. ಆ ಹೆಸರನ್ನೇ ಹೈದರನು ಆಯುಧ ಮಾಡಿಕೊಂಡನು. ಖಂಡೇರಾಯನನ್ನು ಹಿಡಿದುಕೊಡುವುದಾಗಿ ಅವನ ಸರದಾರರು ಒಪ್ಪಿಕೊಂಡಿದ್ದಾರೆಂಬ ಅರ್ಥ ಬರುವ ಸುಳ್ಳುಪತ್ರಗಳನ್ನು ನಂಜರಾಜನ ಹೆಸರಿನಲ್ಲಿ, ನಂಜರಾಜನ ಮುದ್ರೆಯೊಡನೆ ಸಿದ್ಧಪಡಿಸಿ, ಅವು ಖಂಡೇರಾಯನ ಕೈಗೇ ಸಿಗುವಂತೆ ಮಾಡಿದನು. ಪತ್ರಗಳನ್ನು ನಂಬಿದ ಖಂಡೇರಾಯನು ತನ್ನ ಸೈನ್ಯವನ್ನೇ ಬಿಟ್ಟು ಓಡಿಹೋದನು. 1761ರ ವೇಳೆಗೆ ಹೈದರನು ಮೈಸೂರಿನ ನಿಜವಾದ ಒಡೆಯನಾದನು. ಶಿವಕಥೆಗಳ ಗ್ರಂಥಗಳನ್ನು ಹೊತ್ತ ಹೆಸರು ಹೀಗೆ ಒಂದು ಮೋಸದ ಕಾಗದವನ್ನೂ ಹೊತ್ತಿತು. ಮುಂದೆ ಹೈದರನಿಗೆ ಅವನ ಮೇಲೆಯೇ ಸಂಶಯ ಮೂಡಿ, ಅವನನ್ನು ಶ್ರೀರಂಗಪಟ್ಟಣಕ್ಕೆ ಕರೆಸಿಕೊಂಡು ಕಾವಲಿನಲ್ಲಿಟ್ಟನು. ಮಾಗಡಿಯ ಕೊನೆಯ ಪ್ರಭುವನ್ನು ಕಳಲೆಯವರು ಕಳುಹಿಸಿದ್ದ ಊರಿನಲ್ಲಿಯೇ ಕಳಲೆಯ ಕೊನೆಯ ಸರ್ವಾಧಿಕಾರಿಯೂ ಸೆರೆಯಾಳಾಗಿ ಸತ್ತನು.

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುವಾಗ ನನಗೆ ನೆನಪಾಗುವವರು ಹನ್ನೆರಡನೆಯ ಶತಮಾನದ ಸಕಲೇಶ ಮಾದರಸರು. ಅವರೂ ಆಳುವ ಮನೆತನದವರು, ಕಲ್ಲುಕುರಿಕೆಯ ಪ್ರಭುಗಳು. ಸಂಗೀತ ವಿದ್ಯೆಯಲ್ಲಿ ಪಾರಂಗತರೆಂದು ಪುರಾಣಗಳು ಅವರನ್ನು ಕೊಂಡಾಡುತ್ತವೆ. ಆದರೆ ಅವರು ರಾಜ್ಯವನ್ನು ತೊರೆದು ಕಲ್ಯಾಣದ ಶರಣರ ನಡುವೆ ಬಂದು ನಿಂತರು, ವಚನಗಳನ್ನು ರಚಿಸಿದರು. ನಂಜರಾಜನಿಗೂ ಮಾದರಸರಿಗೂ ಇರುವ ಅಂತರ ಭಕ್ತಿಯ ಹೆಚ್ಚು ಕಡಿಮೆಯದಲ್ಲ, ಪ್ರತಿಭೆಯದಂತೂ ಅಲ್ಲವೇ ಅಲ್ಲ. ಮಾದರಸರು ಹಾಡಿಗಾಗಿ ಏನನ್ನೋ ಬಿಟ್ಟರು. ನಂಜರಾಜನು ತನ್ನಲ್ಲಿದ್ದುದರೊಡನೆ ಹಾಡನ್ನೂ ಸೇರಿಸಿಕೊಂಡನು. ಒಬ್ಬರ ಬಾಳಿನಲ್ಲಿ ಕಾವ್ಯವು ತಿರುವು, ಇನ್ನೊಬ್ಬನ ಬಾಳಿನಲ್ಲಿ ಕಾವ್ಯವು ಆಭರಣ. ನಡೆ ನುಡಿಗಳು ಒಂದಾಗಬೇಕೆಂದು ಶರಣರು ಹಿಡಿದ ಒರೆಗಲ್ಲು ಈ ವ್ಯತ್ಯಾಸವನ್ನು ಒಡನೆಯೇ ತೋರಿಸಿಬಿಡುತ್ತದೆ. ಪಂಡಿತರಿಂದ ಗ್ರಂಥವನ್ನು ಬರೆಸಿಕೊಳ್ಳಬಹುದು, ಯಶೋಭೂಷಣವನ್ನೂ ಬರೆಸಿಕೊಳ್ಳಬಹುದು. ವಚನಾಂಕಿತವನ್ನು ಹಾಗೆ ಬರೆಸಿಕೊಳ್ಳಲು ಬರುವುದಿಲ್ಲ. ಅದರ ಹಿಂದೆ ಬರೆದವನ ಬಾಳು ನಿಲ್ಲಬೇಕು.

ಹಾಗೆಂದು ನಂಜರಾಜನ ಗ್ರಂಥಗಳನ್ನು ಬದಿಗಿಡಬೇಕೆಂದು ನಾನು ಹೇಳುತ್ತಿಲ್ಲ. ಕೃತಿಯ ಉಪಕಾರ ಕೃತಿಕಾರನ ಅಪರಾಧದಿಂದ ಅಳಿಯುವುದಿಲ್ಲ. ಅವನ ಗದ್ಯದಿಂದ ಶಿವಕಥೆಗಳನ್ನು ಕೇಳಿದ ಜನರ ಸಂತೋಷ ಶುದ್ಧವಾದುದೇ. ಆದರೆ ಕೃತಿಯ ಸೊಗಸು ಅಪರಾಧವನ್ನು ತೊಳೆಯುವುದೂ ಇಲ್ಲ. ಈ ಎರಡು ಮಾತುಗಳನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಇತಿಹಾಸವನ್ನು ಓದುವವನ ಕರ್ತವ್ಯ. ಒಬ್ಬನೇ ಮನುಷ್ಯನಲ್ಲಿ ಹಾಡೂ ಕ್ರೌರ್ಯವೂ ಅಕ್ಕಪಕ್ಕದ ಕೋಣೆಗಳಲ್ಲಿ ವಾಸಿಸಬಲ್ಲವು. ನಡುವಣ ಬಾಗಿಲನ್ನು ತೆರೆಯುವುದು ಬಿಡುವುದು ಅವನ ಕೈಯಲ್ಲಿದೆ. ನಂಜರಾಜನು ಅದನ್ನು ತೆರೆಯಲಿಲ್ಲ. ಅಂದು ತರಗತಿಯಲ್ಲಿ ಆ ಹುಡುಗಿಗೆ ನಾನು ಹೇಳಬೇಕಾಗಿದ್ದ ಉತ್ತರ ಇಷ್ಟೇ.

ಬೈರಮಂಗಲದ ಕಡೆಯ ಆ ನಿವೃತ್ತ ಸೈನಿಕರು ಇಂದು ಇಲ್ಲ. ಅವರು ಕಾವ್ಯವನ್ನು ಬರೆಯಲಿಲ್ಲ. ಅವರನ್ನು ಕುರಿತು ಯಾವ ಕವಿಯೂ ಅಲಂಕಾರಗ್ರಂಥವನ್ನು ಬರೆದಿಲ್ಲ. ಆದರೆ ಬಿದ್ದವರೆಲ್ಲರೂ ಪರದೆಯ ಹಿಂದೆ ಮತ್ತೆ ಎದ್ದು ನಿಲ್ಲಲಿ ಎಂಬ ಹಾರೈಕೆಯಿಂದ ಅವರು ಪ್ರತಿ ಸುಗ್ಗಿಯಲ್ಲಿಯೂ ಗದೆಯನ್ನು ಹಿಡಿದು ಹಾಡುತ್ತಿದ್ದರು. ಬೆಳಗಿನ ಜಾವ ನಾಟಕ ಮುಗಿದ ಮೇಲೆ ದುರ್ಯೋಧನನ ವೇಷದ ಹುಡುಗನನ್ನು ಕೈಹಿಡಿದೆಬ್ಬಿಸಿ, ಅವನ ಮೈಮೇಲಿನ ಧೂಳನ್ನು ತಾವೇ ಒರೆಸುತ್ತಿದ್ದುದನ್ನು ನಾನು ಕಂಡಿದ್ದೇನೆ. ಕಕುದ್ಗಿರಿಮಾಹಾತ್ಮ್ಯದ ಕರ್ತೃವಿಗೆ ಕೊನೆಯವರೆಗೂ ದಕ್ಕದೆ ಹೋದುದು ಆ ಹಿರಿಯರಿಗೆ ದಕ್ಕಿತ್ತು ಎಂದು ನನಗೆ ಈಗ ಅನಿಸುತ್ತದೆ.